ಎದುರು ಮನೆಯವನ ಕೂಗು

ಜ್ವರ ಬಂದು ಅವತ್ತು ಶಾಲೆಯಿಂದ ಮಧ್ಯಾಹ್ನವೇ ಹೊರಟೆ. ಕುದೂರಿನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ನರಪಿಳ್ಳೆ ಇರುವುದಿಲ್ಲ. ಎದುರು ಮನೆಯವನೊಬ್ಬ ಗೇಟಿನ ಬಳಿ ನಿಂತಿದ್ದ. ವರ್ಷಗಟ್ಟಲೆ ಎದುರುಬದುರು ಇದ್ದರೂ ನನ್ನನ್ನು ಮಾತಾಡಿಸಿದವನಲ್ಲ. ಅವತ್ತು ಬೀದಿಗೆಲ್ಲ ಕೇಳುವಂತೆ ಕೂಗಿದ:

"ಏನ್ ಟೀಚರ್, ಇವತ್ತು ಬೇಗ ಬಂದ್ಬುಟ್ರಿ?"

ಕೂಗುವಾಗ ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ನಮ್ಮ ಹಿತ್ತಿಲ ಕಡೆಗೆ. ಮರುಕ್ಷಣವೇ ಅಲ್ಲಿ ಏನೋ ಧಡ್ ಎಂದಿತು. ಹೋಗಿ ನೋಡಿದರೆ ಹಿತ್ತಿಲ ಬಾಗಿಲ ಚಿಲಕ ಅರ್ಧ ಕಿತ್ತುಬಂದಿತ್ತು, ಕೆಳಗೆ ಕಬ್ಬಿಣದ ಸರಳು ಬಿದ್ದಿತ್ತು. ಗೋಡೆ ಹಾರಿದ ಕಳ್ಳ ಕಾಲು ಮುರಿದುಕೊಂಡು ಆಚೆ ಬದಿಯಲ್ಲೇ ಸಿಕ್ಕಿಬಿದ್ದ. ಅವನ ಬೈಕು ಎದುರು ಮನೆಯ ಕಾಂಪೌಂಡಿನಲ್ಲಿತ್ತು. ಪೊಲೀಸರು ಹುಡುಕಿದಾಗ ಅದರ ಕೀ ಸಿಕ್ಕಿದ್ದು ಎದುರು ಮನೆಯವನ ಜೇಬಿನಲ್ಲಿ.

ಮಾಗಡಿ ಕೋರ್ಟಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಿದೆ. ಚಿಲಕ ಕಿತ್ತವನಿಗೆ ಶಿಕ್ಷೆಯಾಯಿತು, ಎದುರು ಮನೆಯವನು ಬಿಡುಗಡೆಯಾದ. ನೆರೆಯವರನ್ನು ಮಾತಾಡಿಸುವುದು, ಗೆಳೆಯನ ಬೈಕು ನಿಲ್ಲಿಸಿಕೊಳ್ಳುವುದು ಅಪರಾಧವಲ್ಲವಂತೆ. ಆಮೇಲೆ ಬಾಗಿಲು ತೆರೆದರೆ ಸಾಕು, ಅವನೇ ಕಾಣುತ್ತಿದ್ದ. ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬರುವುದನ್ನೇ ಬಿಟ್ಟೆ.

ಸರ್ಕಾರದವರು ರಾಮನಗರದ ಕೋರ್ಟಿಗೆ ಮೇಲ್ಮನವಿ ಹಾಕಿದರು. ಸುದ್ದಿ ತಿಳಿದು ಅವನ ತಾಯಿ ನಮ್ಮ ಮೆಟ್ಟಿಲ ಮೇಲೆ ಬಂದು ಕುಳಿತರು.

"ಅವ್ನು ಸುಮ್ಕೆ ಮಾತಾಡ್ಸಿದ್ದು ಅಂತ ಒಂದ್ಮಾತು ಹೇಳ್ಬುಡಿ ಕಣವ್ವ. ನನ್ಗೆ ಇರೋನು ಅವ್ನೊಬ್ನೇ."

"ಅಲ್ಲಿ ನನ್ನನ್ನ ಏನೂ ಕೇಳಲ್ವಂತೆ ಕಣಮ್ಮ. ಮಾಗಡೀಲಿ ಹೇಳಿದ್ದನ್ನೇ ನೋಡ್ತಾರಂತೆ" ಎಂದೆ. ಅದು ನಿಜ. ಕೇಳಿದರೂ ನಾನು ಬೇರೆ ಹೇಳಲಾರೆ ಎಂಬುದನ್ನು ಮಾತ್ರ ಆಕೆಯ ಮುಖ ನೋಡಿ ಹೇಳಲಾಗಲಿಲ್ಲ.

ರಾಮನಗರದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಂಡೆ. ಜ್ವರದಲ್ಲಿ ತಲೆ ಸುತ್ತುತ್ತಿದ್ದ ಹೆಂಗಸಿಗೆ ಯಾರು ಎತ್ತ ನೋಡಿದರೆಂಬುದು ಹೇಗೆ ಗೊತ್ತಾಗುತ್ತದೆ ಎಂದರು ಅವನ ವಕೀಲರು. ಎದ್ದು ನಿಂತು 'ಗೊತ್ತು' ಎನ್ನಬೇಕೆನಿಸಿತು. ಎನ್ನುವಂತಿರಲಿಲ್ಲ. ನನ್ನ ಮಾತನ್ನೇ ಹಿಡಿದು ಯಾರ್ಯಾರೋ ಎಳೆದಾಡುತ್ತಿದ್ದರು, ನಾನು ಸೆರಗು ಹಿಡಿದು ಕುಳಿತಿದ್ದೆ. ಕೂಗನ್ನೂ ಕೀಯನ್ನೂ ಬೇರೆಬೇರೆ ಮಾಡಿ ನೋಡಬೇಡಿ ಎಂದರು ಸರ್ಕಾರಿ ವಕೀಲರು. ಕಳ್ಳನನ್ನು ಹತ್ತಿಸಿಕೊಂಡು ಓಡಲು ಕೀ ಹಿಡಿದು ಕಾಯುತ್ತಿದ್ದವನು ಮನೆಯವರು ಬಂದೊಡನೆ ಕೂಗಿ ಎಚ್ಚರಿಸಿದ, ಇದು ಕುಶಲ ವಿಚಾರಿಸುವ ಮಾತಲ್ಲ ಎಂದರು.

ತೀರ್ಪಿನ ದಿನ ಜಡ್ಜರು ಅದನ್ನೇ ಒಪ್ಪಿದರು. ಅವನೂ ತಪ್ಪಿತಸ್ಥ, ಜೈಲು ಶಿಕ್ಷೆ. ಇಂಗ್ಲಿಷಿನಲ್ಲಿ ಓದಿದ್ದು ಅಲ್ಲೇ ಕುಳಿತಿದ್ದ ಅವನ ತಾಯಿಗೆ ತಿಳಿಯಲಿಲ್ಲ. ಹೊರಗೆ ನನ್ನ ಕೈ ಹಿಡಿದುಕೊಂಡರು.

"ಏನಂದ್ರವ್ವ? ಬುಟ್ರಾ?"

"ಇಲ್ಲಮ್ಮ" ಎಂದೆ. ಆ ಮಾತನ್ನು ಹೇಳಲು ಅಲ್ಲಿ ನನ್ನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಮಾಗಡಿಯ ಬಸ್ಸಿನಲ್ಲಿ ಬೇರೆ ಸೀಟು ಖಾಲಿಯಿರಲಿಲ್ಲ, ಆಕೆ ನನ್ನ ಪಕ್ಕದಲ್ಲೇ ಕುಳಿತರು. ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಟಿಕೆಟ್ ತೆಗೆದುಕೊಂಡೆವು. ಟಿಕೆಟನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಆಕೆ ಕೇಳಿದರು:

"ಜೈಲಿಗೋಗಿ ಅವನ್ನ ನೋಡ್ಬೇಕಾದ್ರೆ ಯಾವ್ ಬಸ್ ಹತ್ಬೇಕವ್ವ?"

ನನಗೂ ಗೊತ್ತಿರಲಿಲ್ಲ.