ಮನೆಗೇ ಬರುತ್ತೇವೆ ಎಂಬ ಸಾಲು

ಇಂಟರ್ನೆಟ್‌ನಲ್ಲಿ ಏನಾದರೂ ಹುಡುಕಿದಾಗ ಹೆಸರುಗಳ ಕೆಳಗೆ ಬೂದು ಬಣ್ಣದ ಸಣ್ಣಕ್ಷರಗಳಲ್ಲಿ ಎರಡು ಸಾಲು ಬರುತ್ತದಲ್ಲ, ಅದನ್ನು ಬರೆಯುವುದೇ ಅವಳ ಹೊಟ್ಟೆಪಾಡು. ಓದಿದವರ ಬೆರಳು ತಾನಾಗಿ ಒತ್ತಬೇಕು. ಉದ್ದವಾದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ಇಲ್ಲದ್ದನ್ನು ಇದೆ ಎಂದರೆ ಬಂದವರು ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಹಾಸಿಗೆ ಅಂಗಡಿಯಾಗಲಿ, ಹಲ್ಲಿನ ಡಾಕ್ಟರಾಗಲಿ, ಕೊಟ್ಟಿದ್ದನ್ನು ಊಟದ ಹೊತ್ತಿಗೆ ಮುಗಿಸುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ 'ಎರಡ್ಸಾಲು' ಎಂದೇ ಹೆಸರು ಬಿದ್ದಿತ್ತು.

ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಒಂದು ಬೆಳಿಗ್ಗೆ ಗಿರಾಕಿಯ ಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವಳು ಅಳಲಿಲ್ಲ. "ಒಂದ್ಸಲ ಅತ್ತುಬಿಡು ಮಗಳೇ, ಹಗುರಾಗುತ್ತೆ" ಎಂದು ಅತ್ತೆ ಬೆನ್ನು ಸವರಿದರೆ, "ಹ್ಞೂಂ" ಎಂದು ಪಾತ್ರೆ ತೊಳೆಯಲು ಎದ್ದಳು. ರಜೆ ಮುಗಿದ ಮೇಲೆ ಆಫೀಸಿಗೆ ಹೋಗಿ ಕೂತಳು. ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಒಳಗೆ ಹತ್ತಿ ತುರುಕಿದ ಹಾಗಿತ್ತು, ಅಷ್ಟೇ.

ಗಂಡನ ರಿಪೇರಿ ಅಂಗಡಿಯನ್ನು ಮೈದುನ ವಹಿಸಿಕೊಂಡ. ಒಂದು ಭಾನುವಾರ ಮನೆಗೆ ಬಂದವನು ಚಹಾ ಲೋಟ ಕೈಯಲ್ಲೇ ಹಿಡಿದುಕೊಂಡು ಕೂತ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಮ್ಮ ಅಂಗಡಿ ಹೆಸರಿನ ಕೆಳಗೆ ಬರುತ್ತಲ್ಲ, ಆ ಸಾಲು, ಅದನ್ನ ಬದಲಾಯಿಸಬೇಕಿತ್ತು."

"ಯಾಕೆ?"

"ಮನೆಗೇ ಬರ್ತೀವಿ ಅಂತಿದೆ. ಅಣ್ಣನ ಹಾಗೆ ಮನೆಮನೆ ಸುತ್ತೋಕೆ ನನ್ನ ಕೈಲಾಗಲ್ಲ. ಅಂಗಡಿ ಯಾರು ನೋಡ್ಕೋತಾರೆ? ಬರಲ್ಲ ಅಂದ್ರೆ ಜನ ಬಯ್ತಾರೆ."

"ಮಾಡ್ತೀನಿ ಬಿಡು" ಎಂದಳು.

ಆ ಸಾಲು ಮದುವೆಯಾದ ಹೊಸದರಲ್ಲಿ ಅವಳೇ ಬರೆದದ್ದು. 'ನಿಮ್ಮ ಹೊಲಿಗೆ ಯಂತ್ರ ಮುನಿಸಿಕೊಂಡಿದೆಯೆ? ಒಂದು ಕರೆ ಮಾಡಿ, ಮನೆಗೇ ಬಂದು ಸಮಾಧಾನ ಮಾಡುತ್ತೇವೆ.' ಪಕ್ಕದಲ್ಲಿ ಕೂತಿದ್ದ ಗಂಡ, "ಮಷಿನ್ನೂ ಮುನಿಸ್ಕೊಳ್ಳುತ್ತೇನೇ?" ಎಂದು ನಕ್ಕಿದ್ದ. "ಯಾಕೆ, ನಾನು ಮುನಿಸ್ಕೊಳ್ಳಲ್ವಾ? ಎಣ್ಣೆ ಬಿಟ್ಟರೆ ಸರಿಹೋಗುತ್ತೆ" ಎಂದಿದ್ದಳು.

ಬೇರೆಯವರದ್ದನ್ನೆಲ್ಲ ನೀರು ಕುಡಿದ ಹಾಗೆ ಬರೆಯುವವಳಿಗೆ ಇದು ಮಾತ್ರ ಕೈಗೆ ಹತ್ತಲಿಲ್ಲ. ತೆರೆಯುವುದು, ನೋಡುವುದು, ಮುಚ್ಚುವುದು. ಮೈದುನ ಕೇಳಿದಾಗಲೆಲ್ಲ "ಕೆಲಸ ಜಾಸ್ತಿಯಿದೆ" ಎಂದಳು.

ಗಂಡನ ಫೋನು ಅವಳ ಚೀಲದಲ್ಲೇ ಇತ್ತು. ಅದನ್ನು ಆರಿಸಬೇಕೆಂದು ಅನ್ನಿಸಿರಲಿಲ್ಲ, ಇಟ್ಟುಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ ಅದು ರಿಂಗಾಯಿತು. ವಯಸ್ಸಾದ ಹೆಂಗಸಿನ ದನಿ.

"ಹೊಲಿಗೆ ಮಷಿನ್ ರಿಪೇರಿಯವರು ಇದ್ದಾರಾ ಅಮ್ಮ?"

"ಇಲ್ಲ, ತೀರ್ಕೊಂಡ್ರು." ಇವತ್ತು ಅಂಗಡಿ ರಜೆ ಎನ್ನುವ ಹಾಗೆ ಹೇಳಿದಳು.

"ನಂಗೆ ಗೊತ್ತಿರಲಿಲ್ಲ. ಮನೆಗೇ ಬರ್ತಾರೆ ಅಂತ ಬರೆದಿತ್ತು, ಅದನ್ನ ಓದಿ ಮಾಡಿದೆ. ಮಂಡಿ ನೋವು, ಮೆಟ್ಟಿಲು ಇಳಿಯೋಕೆ ಆಗಲ್ಲ."

"ಬರೆದಿದ್ದು ನಾನೇ. ತಪ್ಪಾಗಿದೆ, ತೆಗೀತೀನಿ."

"ತಪ್ಪು ಹೇಗಾಗುತ್ತಮ್ಮ? ಬರೆದಾಗ ನಿಜಾನೇ ತಾನೆ."

ಅವಳು ಊಟವನ್ನು ಅಷ್ಟಕ್ಕೇ ಬಿಟ್ಟು ಎದ್ದು ಹೋಗಿ ಬರೆದಳು: 'ಹೊಲಿಗೆ ಯಂತ್ರ ರಿಪೇರಿ. ಯಂತ್ರವನ್ನು ಅಂಗಡಿಗೆ ತರಬೇಕು. ಭಾನುವಾರ ರಜೆ.' ಕೆಳಗೆ ಮೈದುನನ ನಂಬರು ಹಾಕಿದಳು. ಹಿಂದೆ ಹಾದುಹೋಗುತ್ತಿದ್ದ ಮ್ಯಾನೇಜರು ಇಣುಕಿ ನೋಡಿದರು.

"ಇದನ್ನ ಯಾರಮ್ಮ ಒತ್ತುತಾರೆ? ಸ್ವಲ್ಪ ಉಪ್ಪು ಖಾರ ಹಾಕು."

"ಇರೋದು ಇಷ್ಟೇ ಸರ್."

ನಾವು ಬದಲಾಯಿಸಿದ ಕೂಡಲೇ ಹುಡುಕಾಟದಲ್ಲಿ ಹೊಸ ಸಾಲು ಬರುವುದಿಲ್ಲ, ಅದು ಬರುವುದು ಅದಕ್ಕೆ ಮನಸ್ಸು ಬಂದಾಗ. ದಿನಾ ಬೆಳಿಗ್ಗೆ ಅಂಗಡಿಯ ಹೆಸರು ಹೊಡೆದು ನೋಡುವಳು. ಮನೆಗೇ ಬಂದು ಸಮಾಧಾನ ಮಾಡುತ್ತೇವೆ ಎಂದೇ ಇರುತ್ತಿತ್ತು. ಖುಷಿಯೂ ಇಲ್ಲ, ದುಃಖವೂ ಇಲ್ಲ, ಮುಂದಿನ ಕೆಲಸ ತೆಗೆದುಕೊಳ್ಳುವಳು. ಒಂದು ದಿನ ನೋಡಿದರೆ ಅದು ಹೋಗಿತ್ತು. ಹೇಗೆ ಹೇಗೆ ತಿರುಗಿಸಿ ಹುಡುಕಿದರೂ ಸಿಗಲಿಲ್ಲ.

ಅರ್ಧ ದಿನ ರಜೆ ಹೇಳಿ ನೇರ ಅಂಗಡಿಗೆ ನಡೆದಳು. ಗಂಡ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಮೈದುನ ಗಾಬರಿಯಿಂದ ಸ್ಟೂಲು ಒರೆಸಿ ಕೊಟ್ಟ.

"ಹುಷಾರಿದ್ದೀರಾ ಅತ್ತಿಗೆ?"

"ಆ ಸಾಲು ಹೋಯ್ತು."

ಅವನು ತಲೆಯಾಡಿಸಿದ.

"ಒಬ್ಬರು ಅಜ್ಜಿ ಫೋನ್ ಮಾಡಿದ್ರು. ಮೆಟ್ಟಿಲು ಇಳಿಯೋಕಾಗಲ್ವಂತೆ. ನಂಬರು ಕೊಡ್ತೀನಿ, ಅವರ ಮನೆಗೆ ಒಂದ್ಸಲ ಹೋಗಿ ಬಾಪ್ಪ. ಅಂಗಡಿ ನಾನು ನೋಡ್ಕೋತೀನಿ."

ಅವನು ಫೋನ್ ಮಾಡಿ ವಿಳಾಸ ಕೇಳಿಕೊಂಡು, ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಅವಳು ಬಿಚ್ಚಿಟ್ಟ ಯಂತ್ರಗಳ ನಡುವೆ ಕೂತಳು. ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬ ಯಂತ್ರವನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದ.

"ರಿಪೇರಿಯವರು ಇಲ್ವಾ?"

"ಹೊರಗೆ ಹೋಗಿದ್ದಾರೆ. ಬರ್ತಾರೆ, ಕೂತ್ಕೊಳ್ಳಿ."

ಹೇಳಿದ್ದೇ ತಡ, ಅವಳು ಬೀದಿಯ ಕಡೆ ಮುಖ ತಿರುಗಿಸಿದಳು. ಗಿರಾಕಿ ಯಂತ್ರವನ್ನು ಕೆಳಗಿಟ್ಟು, ಅದು ಎಲ್ಲೆಲ್ಲಿ ನೂಲು ಕಡಿಯುತ್ತದೆ ಎಂದು ವಿವರಿಸುತ್ತಲೇ ಇದ್ದ. ಕೆನ್ನೆ ಒದ್ದೆಯಾಗುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. "ಹ್ಞೂಂ, ಹೇಳಿ" ಎನ್ನುತ್ತ ಕೇಳಿಸಿಕೊಂಡಳು.