ಓಡೀಲ್ ಹೊಗಳಲು ಕಲಿತ ವಾರ

ಓಡೀಲ್ ಡೊಂಟ್‌ಗೆ ಆಗ ಅರವತ್ತೆಂಟು. ನಮ್ಮೂರು ಔಡನಾರ್ಡೆಯಲ್ಲೇ ಹುಟ್ಟಿ, ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ಗಿರಣಿ ಮುಚ್ಚಿದ ಮೇಲೆ ಸೈಕಲ್ ಪ್ರವಾಸದ ಗೈಡ್ ಆದವನು. ಏಪ್ರಿಲ್ ಬಂತೆಂದರೆ ಹೊರದೇಶದವರು ನಮ್ಮ ಕಡೆ ಬರುತ್ತಾರೆ. ಭಾನುವಾರದ ದೊಡ್ಡ ರೇಸಿಗೆ ಮೊದಲು ಅದೇ ಕಲ್ಲುಹಾಸಿನ ದಿಣ್ಣೆಗಳನ್ನು ತಾವೂ ಸೈಕಲ್ಲಿನಲ್ಲಿ ಹತ್ತಿ ಏದುಸಿರು ಬಿಟ್ಟು, ಆಮೇಲೆ ರಸ್ತೆ ಬದಿಯಲ್ಲಿ ನಿಂತು, ಹತ್ತಲು ಬಲ್ಲವರು ಹತ್ತುವುದನ್ನು ನೋಡುತ್ತಾರೆ. ಹಾಗೆ ಬಂದ ಹತ್ತು ಹನ್ನೆರಡು ಜನರ ಮುಂದೆ ಸೈಕಲ್ ತುಳಿಯುವುದು ಓಡೀಲ್‌ನ ಕೆಲಸ. ಅವರ ಹಿಂದೆ ಚೀಲ, ಚಕ್ರ, ಬ್ರೆಡ್ಡು, ಬಾಳೆಹಣ್ಣು ತುಂಬಿಕೊಂಡ ವ್ಯಾನ್ ಓಡಿಸುವುದು ನನ್ನ ಕೆಲಸ. ನನ್ನ ಹೆಸರು ಫಿರ್ಮಿನ್. ಹದಿನೈದು ವರ್ಷ ಅವನ ಹಿಂದೆಯೇ ಬಂದಿದ್ದರಿಂದ ನನಗೆ ಅವನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ.

ಓಡೀಲ್ ಯಾರನ್ನೂ ಹೊಗಳಿದವನಲ್ಲ. ಅದು ಅವನೊಬ್ಬನ ಗುಣವೇನಲ್ಲ, ನಮ್ಮ ಕಡೆಯ ಪದ್ಧತಿ. ಊಟ ಬಾಯಲ್ಲಿ ನೀರೂರುವಂತಿದ್ದರೆ ನಾವು ‘ತಿನ್ನಬಹುದು’ ಎನ್ನುತ್ತೇವೆ. ಮಗಳು ಡಾಕ್ಟರಾದರೆ ‘ಏನೋ ಒಂದು ಆಯ್ತಲ್ಲ’ ಎನ್ನುತ್ತೇವೆ. ನಮ್ಮೂರಿನವನೇ ರೇಸ್ ಗೆದ್ದರೆ, ಆವತ್ತು ಗಾಳಿ ಅವನ ಕಡೆಗಿತ್ತು. ನೇರವಾದ ಹೊಗಳಿಕೆಯನ್ನು ಶವಸಂಸ್ಕಾರಕ್ಕೆಂದು ಮೀಸಲಿಟ್ಟಿದ್ದೇವೆ. ಅಲ್ಲಿ ಕೇಳಿಸಿಕೊಂಡವನು ಉಬ್ಬಿಹೋಗುವ ಭಯವಿಲ್ಲ. ಹೊಗಳದ ಓಡೀಲ್ ತಪ್ಪನ್ನು ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ. ಸೀಟು ಎರಡು ಬೆರಳು ಎತ್ತರವಾಯ್ತು, ಗೇರ್ ತಡವಾಯ್ತು, ಮೊಣಕೈ ಯಾಕೆ ಕೋಲಿನ ಹಾಗಿದೆ, ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಹಿಂದೆ ಬಂದವರಲ್ಲಿ ಒಬ್ಬರ ಎಲುಬೂ ಮುರಿದಿರಲಿಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ, ಓಡೀಲ್ ಕೂಡ.

ಹೋದ ವರ್ಷ ಫೆಬ್ರವರಿಯಲ್ಲಿ ಅನ್ನೆಲೋರೆ ನಮ್ಮಿಬ್ಬರನ್ನೂ ಕಚೇರಿಗೆ ಕರೆದಳು. ಈ ಪ್ರವಾಸದ ವ್ಯವಹಾರ ಶುರುಮಾಡಿದ್ದು ಅವಳ ಅಪ್ಪ. ಅವರು ಸುಸ್ತಾಗಿ ಮನೆಯಲ್ಲಿ ಕೂತ ಮೇಲೆ ಅವಳೇ ನೋಡಿಕೊಳ್ಳುತ್ತಿದ್ದಳು. ಓಡೀಲ್ ಅವಳಿಗೆ ಮೂರು ಚಕ್ರದ ಸೈಕಲ್ ಕಲಿಸಿದವನು, ಹಾಗಾಗಿ ಅವಳ ಬಾಯಲ್ಲಿ ಇಂದಿಗೂ ಮಾಮ. ಅವಳ ಮುಂದೆ ಪ್ರವಾಸಿಗರು ಕೊನೆಯ ದಿನ ತುಂಬಿಕೊಟ್ಟ ಅಭಿಪ್ರಾಯದ ಕಾಗದಗಳಿದ್ದವು. ಒಂದರಿಂದ ಐದು ನಕ್ಷತ್ರ, ಕೆಳಗೆ ಎರಡು ಸಾಲು ಬರೆಯಲು ಜಾಗ.

“ಓಡೀಲ್ ಮಾಮ, ಒಂದು ಓದ್ತೀನಿ ಕೇಳಿ. ‘ದಿಣ್ಣೆ ಹತ್ತಿ ಮುಗಿಸಿ ಉಸಿರಿಗೆ ಒದ್ದಾಡ್ತಿದ್ದೆ. ಗೈಡ್ ಹತ್ರ ಬಂದು, ನಿಮ್ಮ ಚೈನಿಗೆ ಎಣ್ಣೆ ಇಲ್ಲ ಅಂದ್ರು.’”

“ಇರ್ಲಿಲ್ಲ,” ಎಂದ ಓಡೀಲ್.

“ಆ ಮನುಷ್ಯ ಐವತ್ತು ತುಂಬಿದ್ದಕ್ಕೆ ಅಂತ ಬಂದಿದ್ದು ಮಾಮ. ಹುಟ್ಟುಹಬ್ಬ ಅವತ್ತು.”

“ಹುಟ್ಟುಹಬ್ಬ ಅಂದ್ರೆ ಚೈನಿಗೆ ಎಣ್ಣೆ ಬೇಡ್ವಾ?”

ಅನ್ನೆಲೋರೆ ಕಾಗದಗಳನ್ನು ಜೋಡಿಸಿ ಪಕ್ಕಕ್ಕಿಟ್ಟಳು. “ನೋಡಿ, ಜನ ಈಗ ಇದನ್ನೇ ಓದ್ಕೊಂಡು ಬರೋದು. ಈ ಸಲಾನೂ ಎರಡೂವರೆ ನಕ್ಷತ್ರ ಬಂದ್ರೆ ಮುಂದಿನ ವರ್ಷಕ್ಕೆ ಗೆಂಟ್‌ನಿಂದ ಬೇರೆ ಗೈಡ್ ಬರ್ತಾನೆ. ನೀವು ಫಿರ್ಮಿನ್ ಜೊತೆ ವ್ಯಾನಲ್ಲಿ ಕೂತು ಬಾಳೆಹಣ್ಣು ಹಂಚಿ. ನಾಲ್ಕು ಒಳ್ಳೆ ಮಾತಾಡೋಕೆ ಏನು ಖರ್ಚು ನಿಮಗೆ?”

ವ್ಯಾನಿನಲ್ಲಿ ಜಾಗವಿಲ್ಲ ಎಂದು ಹೇಳೋಣವೆಂದು ನನಗನಿಸಿತು. ಜಾಗವಿತ್ತು.

ಓಡೀಲ್ ಮತ್ತು ನಾನು ನದಿಯ ಸೇತುವೆಯ ದಾರಿಯಲ್ಲಿ ಮನೆಯ ಕಡೆ ನಡೆದೆವು. ಗಿರಣಿಯಲ್ಲಿ ಮೂವತ್ತು ವರ್ಷ ಒಬ್ಬನಲ್ಲ ಒಬ್ಬ ಮೇಸ್ತ್ರಿಯ ಹಿಂದೆ ನಿಂತವನು ಅವನು. ಜನರ ಮುಂದೆ ಹೋಗುವುದು ಅವನಿಗೆ ಸಿಕ್ಕಿದ್ದು ನಲವತ್ತಾರನೇ ವಯಸ್ಸಿನಲ್ಲಿ. ಸೇತುವೆಯ ಮೇಲೆ ನಿಂತು, “ಫಿರ್ಮಿನ್, ಹಿಂದೆ ಕೂತ್ಕೊಂಡು ಹೋಗೋದು ಮನುಷ್ಯರು ಮಾಡೋ ಕೆಲಸ ಅಲ್ಲ ಕಣಯ್ಯ,” ಎಂದ. ಹದಿನೈದು ವರ್ಷದಿಂದ ಅದನ್ನೇ ಮಾಡುತ್ತಿದ್ದ ನಾನು ನದಿ ನೋಡುತ್ತಾ ನಿಂತೆ.

ಹೊಗಳುವುದನ್ನು ಅವನು ಮನೆಯಿಂದಲೇ ಶುರುಮಾಡಿದ. ಮೊದಲ ದಿನ ರಾತ್ರಿಯೂಟಕ್ಕೆ ಈರುಳ್ಳಿ ಸೊಪ್ಪಿನ ಸೂಪು. ಎರಡು ಚಮಚ ಕುಡಿದು, ಗಂಟಲು ಸರಿಮಾಡಿಕೊಂಡು, “ಗೋಡೆಲೀವ, ಸೂಪು ಬಹಳ ಚೆನ್ನಾಗಿದೆ,” ಎಂದನಂತೆ. ಅವನ ಹೆಂಡತಿ ಚಮಚ ಕೆಳಗಿಟ್ಟು, “ಎಲ್ಲಿ ನೋಯ್ತಿದೆ?” ಎಂದು ಕೇಳಿದಳಂತೆ. ಮಾರನೇ ದಿನ ಅವನು ಅವಳ ಕೂದಲನ್ನು ಹೊಗಳಿದ. ಮೂರನೇ ದಿನ ಅವಳು ನನಗೆ ಫೋನ್ ಮಾಡಿದಳು.

“ಫಿರ್ಮಿನ್, ನಿಜ ಹೇಳು. ಅವನು ನಂಗೆ ಹೇಳ್ದೆ ಡಾಕ್ಟ್ರ ಹತ್ರ ಹೋಗಿದ್ದ ತಾನೆ? ಇನ್ನೆಷ್ಟು ತಿಂಗಳು ಅಂದ್ರು?”

ಕೆಲಸಕ್ಕೆ ಅಭ್ಯಾಸ ಮಾಡುತ್ತಿದ್ದಾನೆ ಎಂದರೆ ಅವಳು ನಂಬಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು, ನಂಬುವುದಾದರೂ ಹೇಗೆ? ಅವನನ್ನು ಎಳೆದುಕೊಂಡು ಹೋಗಿ ರಕ್ತ, ಎದೆ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದಳು. ನಮ್ಮ ಡಾಕ್ಟರೂ ನಮ್ಮ ಕಡೆಯವರೇ. ಕಾಗದಗಳನ್ನು ತಿರುವಿಹಾಕಿ, “ಇದಕ್ಕಿಂತ ಕೆಟ್ಟದ್ದು ನೋಡಿದೀನಿ,” ಎಂದರು. ಅಲ್ಲಿಗೆ ಗೋಡೆಲೀವಳಿಗೆ ಸಮಾಧಾನವಾಯಿತು. ಆದರೂ ಗಂಡ ಹೊಗಳಿದಾಗಲೆಲ್ಲ ಅವನ ಹಣೆ ಮುಟ್ಟಿ ನೋಡುವುದನ್ನು ಅವಳು ಬಿಡಲಿಲ್ಲ.

ಏಪ್ರಿಲ್ ಮೊದಲ ಸೋಮವಾರ ಹನ್ನೊಂದು ಜನ ಬಂದಿಳಿದರು. ಅವರಲ್ಲೊಬ್ಬ ಫಿಂಟನ್, ಐರ್ಲೆಂಡಿನ ಪಶ್ಚಿಮ ಮೂಲೆಯ ಒಂದು ಊರಿನ ನಿವೃತ್ತ ಪೋಸ್ಟ್‌ಮಾಸ್ಟರ್. ಅರವತ್ನಾಲ್ಕು ವರ್ಷ, ದೊಡ್ಡ ಮೈ, ಕೆಂಪು ಮುಖ, ಬಾಯಿ ಮುಚ್ಚಿದ್ದನ್ನು ನಾನು ನೋಡಲಿಲ್ಲ. ನಲವತ್ತು ವರ್ಷ ನಮ್ಮ ರೇಸನ್ನು ಟೀವಿಯಲ್ಲಿ ನೋಡಿದ್ದನಂತೆ. ನಮ್ಮ ದಿಣ್ಣೆಗಳ ಹೆಸರುಗಳು ತನ್ನ ಊರಿನ ಬೀದಿಗಳ ಹಾಗೆ ಅವನ ಬಾಯಲ್ಲಿ ಬರುತ್ತಿದ್ದವು. ಸೈಕಲ್ ತುಳಿಯುವುದು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಮಂಗಳವಾರದ ಮೊದಲ ಇಳಿಜಾರಿನಲ್ಲೇ ಗೊತ್ತಾಯಿತು. ಫಿಂಟನ್ ತಿರುವಿಗೆ ಮೊದಲು ಬ್ರೇಕ್ ಮುಟ್ಟುತ್ತಿರಲಿಲ್ಲ. ತಿರುವಿನ ನಟ್ಟನಡುವೆ ಹೆದರಿ, ನಾಲ್ಕೂ ಬೆರಳು ಹಾಕಿ, ಮುಂದಿನ ಬ್ರೇಕನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಂಡುತ್ತಿದ್ದ. ಒಣ ರಸ್ತೆಯಾದ್ದರಿಂದ ಉಳಿದುಕೊಂಡ. ಹಿಂತಿರುಗಿ ನೋಡುತ್ತಿದ್ದ ಓಡೀಲ್ ಅದನ್ನು ಕಂಡ. ಅವನು ಕಂಡದ್ದನ್ನು ಹಿಂದಿನಿಂದ ನಾನು ಕಂಡೆ. ಬೇರೆ ವರ್ಷವಾಗಿದ್ದರೆ ಅಲ್ಲೇ ಎಲ್ಲರನ್ನೂ ನಿಲ್ಲಿಸಿ, ಆ ಮನುಷ್ಯನನ್ನು ಆರು ಸಲ ಮೇಲಕ್ಕೆ ಕಳಿಸಿ, ಆರು ಸಲ ಇಳಿಸುತ್ತಿದ್ದ. ಈ ಸಲ ಓಡೀಲ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದು, “ಬಹಳ ಚೆನ್ನಾಗಿ ಇಳಿದ್ರಿ,” ಎಂದ. ಫಿಂಟನ್‌ನ ಮುಖ ಇನ್ನಷ್ಟು ಕೆಂಪಾಯಿತು.

ಬುಧವಾರ ಕೊಪ್ಪೆನ್‌ಬರ್ಗ್, ನಮ್ಮ ದಿಣ್ಣೆಗಳಲ್ಲೆಲ್ಲ ಅತಿ ಕಡಿದಾದದ್ದು. ಅದರ ಕಲ್ಲುಗಳ ಮೇಲೆ ಕೊನೆಯ ಅರವತ್ತು ಹೆಜ್ಜೆಯನ್ನು ಫಿಂಟನ್ ಸೈಕಲ್ ತಳ್ಳಿಕೊಂಡು ನಡೆದ. ಮೇಲೆ ಕಾಯುತ್ತಿದ್ದ ಓಡೀಲ್, “ಸೊಗಸಾಗಿ ಹತ್ತಿದ್ರಿ,” ಎಂದ. ಮಧ್ಯಾಹ್ನ ಹೋಟೆಲಿನಲ್ಲಿ ನಮ್ಮೂರ ಕಂದು ಬಿಯರ್ ಮುಂದಿಟ್ಟುಕೊಂಡು ಫಿಂಟನ್ ಮಗಳಿಗೆ ಫೋನ್ ಮಾಡಿದ.

“ಇಲ್ಲಿನ ಗೈಡೇ ಹೇಳಿದ್ದು ಕಣಮ್ಮ, ನಾನಲ್ಲ. ಕೊಪ್ಪೆನ್‌ಬರ್ಗನ್ನ ಸೊಗಸಾಗಿ ಹತ್ತಿದ್ನಂತೆ. ಈ ಜನ ಸುಮ್‌ಸುಮ್ನೆ ಹೇಳೋರಲ್ಲ ಅಂತ ಎಲ್ಲಾ ಕಡೆ ಓದಿದೀನಿ.”

ಗುರುವಾರದ ಹೊತ್ತಿಗೆ ಓಡೀಲ್‌ನ ನಾಲಿಗೆ ಚೆನ್ನಾಗಿ ಪಳಗಿತ್ತು. ಎಲ್ಲರಿಗೂ ಬೆಳಿಗ್ಗೆ ಒಂದು, ಸಂಜೆ ಒಂದು. ಸೈಕಲ್ಲುಗಳನ್ನು ವ್ಯಾನಿಗೆ ಏರಿಸುವಾಗ ನನ್ನ ಕಿಟಕಿಗೆ ಬಂದು ಹೇಳಿದ: “ಫಿರ್ಮಿನ್, ಇದು ಸುಲಭ ಕಣಯ್ಯ. ಯಾರನ್ನೂ ನೋಡೋ ಅಗತ್ಯಾನೇ ಇಲ್ಲ.”

ಶುಕ್ರವಾರ ಬೆಳಗಿನ ಜಾವ ಮಳೆ ಬಂದಿತ್ತು. ಒಂದು ಹೊಲದ ಮನೆಯ ಕೆಳಗೆ, ಕಾಂಕ್ರೀಟು ರಸ್ತೆ ಎಡಕ್ಕೆ ತಿರುಗುವಲ್ಲಿ, ಟ್ರ್ಯಾಕ್ಟರಿನ ಚಕ್ರದ ಕೆಸರು ಬಿದ್ದಿತ್ತು. ಮೂರು ದಿನದ ಹೊಗಳಿಕೆಯಿಂದ ಫಿಂಟನ್ ಸಾಲಿನ ಕೊನೆ ಬಿಟ್ಟು ಎರಡನೇ ಜಾಗಕ್ಕೆ ಬಂದಿದ್ದ, ಓಡೀಲ್‌ನ ಬೆನ್ನಿಗೇ. ತಿರುವಿನ ನಡುವೆ ಮತ್ತೆ ಅದೇ ನಾಲ್ಕು ಬೆರಳು. ಸೈಕಲ್ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ. ನಾನು ಓಡಿ ಹೋಗುವಷ್ಟರಲ್ಲಿ ಚರಂಡಿಯಲ್ಲಿ ಕೂತು, ಎಡಗೈಯನ್ನು ಎದೆಗೆ ಅವುಚಿಕೊಂಡಿದ್ದ.

“ನಂದೇ ತಪ್ಪು. ಓಡೀಲ್, ನಿಮ್ಮ ತಪ್ಪೇನಿಲ್ಲ. ಕೆಸರು ನಾನು ನೋಡ್ಲಿಲ್ಲ,” ಎಂದ.

ಓಡೀಲ್ ಅವನ ಪಕ್ಕ ಚರಂಡಿಯಲ್ಲೇ ಮಂಡಿಯೂರಿದ. ಆಂಬುಲೆನ್ಸ್ ಬರುವವರೆಗೂ ಅಲ್ಲಿಂದ ಏಳಲಿಲ್ಲ.

ಎಡಭುಜದ ಕೊರಳೆಲುಬು ಎರಡು ತುಂಡಾಗಿತ್ತು. ಅವತ್ತೇ ಸಂಜೆ ಲೋಹದ ಪಟ್ಟಿ ಕೂರಿಸಿ ಹೊಲಿದರು, ಸೋಮವಾರದವರೆಗೆ ಆಸ್ಪತ್ರೆ. ಭಾನುವಾರ ಎಲ್ಲರೂ ರೇಸಿನ ಗಡಿಬಿಡಿಯಲ್ಲಿರುತ್ತಾರೆಂದು ಅನ್ನೆಲೋರೆ ಶನಿವಾರವೇ ಕಾಗದಗಳನ್ನು ತುಂಬಿಸಿಕೊಂಡಳು, ಫಿಂಟನ್‌ನದನ್ನು ಆಸ್ಪತ್ರೆಗೇ ಹೋಗಿ. ಹನ್ನೊಂದರಲ್ಲೂ ಐದು ನಕ್ಷತ್ರ. ಫಿಂಟನ್‌ನ ಕಾಗದವನ್ನು ಅವಳು ಓಡೀಲ್‌ನ ಕೈಗೇ ಕೊಟ್ಟಳು. ‘ನನಗೆ ಇಷ್ಟು ಧೈರ್ಯ ತುಂಬಿದವರು ಇನ್ನೊಬ್ಬರಿಲ್ಲ’ ಎಂದು ಬರೆದಿತ್ತು.

“ನೋಡಿದ್ರಾ ಮಾಮ, ಎಲುಬು ಮುರ್ಕೊಂಡವರೂ ಐದೇ ಕೊಟ್ಟಿದಾರೆ. ಮುಂದಿನ ವರ್ಷಾನೂ ಮುಂದೆ ನೀವೇ. ಗೆಂಟ್‌ನವನಿಗೆ ಬೇಡ ಅಂತ ಹೇಳ್ಬಿಡ್ತೀನಿ.”

“ಈ ಕಾಗದ ನನ್ಹತ್ರ ಇರ್ಲಿ,” ಎಂದ ಓಡೀಲ್.

ನಮ್ಮ ಕಡೆ ರೇಸಿನ ಭಾನುವಾರ ಜನ ಸಾಯುವುದನ್ನೂ ಸೋಮವಾರಕ್ಕೆ ಮುಂದೂಡುತ್ತಾರೆ. ಓಡೀಲ್ ಆರು ವರ್ಷದವನಿದ್ದಾಗಿನಿಂದ, ಸೈನ್ಯದಲ್ಲಿದ್ದ ಒಂದು ವರ್ಷ ಬಿಟ್ಟು, ಪ್ರತಿ ಸಲವೂ ರಸ್ತೆ ಬದಿಯಲ್ಲಿ ನಿಂತವನು. ಈ ಸಲ ಪ್ರವಾಸಿಗರನ್ನು ಅನ್ನೆಲೋರೆಯ ಜೊತೆ ಹೊಲದ ಅಂಚಿನಲ್ಲಿ ಬಿಟ್ಟು, “ನಂಗೆ ಆಸ್ಪತ್ರೇಲಿ ಸ್ವಲ್ಪ ಕೆಲಸ ಇದೆ,” ಎಂದು ಸೈಕಲ್ ಹತ್ತಿದ. ನಾನು ಅಭ್ಯಾಸಬಲದಿಂದ ವ್ಯಾನ್ ತಿರುಗಿಸಿ ಅವನ ಹಿಂದೆ ಹೊರಟೆ. ಹಾಗೆ ನನಗೂ ರೇಸ್ ತಪ್ಪಿತು. ಇದನ್ನು ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಫಿಂಟನ್‌ನ ಕೋಣೆಯಲ್ಲಿ ಟೀವಿ ಹಾಕಿತ್ತು. ಪಕ್ಕದ ಖಾಲಿ ಮಂಚದ ಮೇಲೆ ಒಬ್ಬ ನರ್ಸ್ ಕಾಲು ಇಳಿಬಿಟ್ಟುಕೊಂಡು ರೇಸ್ ನೋಡುತ್ತಿದ್ದಳು; ನಾವು ಬಂದದ್ದಕ್ಕೆ ಅವಳು ತಿರುಗಿಯೂ ನೋಡಲಿಲ್ಲ.

“ಓಡೀಲ್, ನೀವಿಲ್ಲಿ? ರೇಸ್ ಇವತ್ತಲ್ವಾ?” ಎಂದ ಫಿಂಟನ್.

ಓಡೀಲ್ ಟೋಪಿ ತೆಗೆದ. “ನಿಮಗೆ ಬ್ರೇಕ್ ಹಿಡಿಯೋಕೆ ಬರಲ್ಲ,” ಎಂದ.

ಫಿಂಟನ್ ನಕ್ಕ. ಓಡೀಲ್ ನಗಲಿಲ್ಲ.

“ಮಂಗಳವಾರನೇ ನೋಡಿದ್ದೆ. ತಿರುವಿನೊಳಗೆ ಹಿಡೀತೀರಿ, ಒಂದೇ ಸಲ ಹಿಂಡ್ತೀರಿ. ಹತ್ತು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಹೇಳ್ಲಿಲ್ಲ.”

“ಯಾಕೆ?”

“ಹೇಳಿದ್ರೆ ನೀವು ನಕ್ಷತ್ರ ಕಮ್ಮಿ ಕೊಡ್ತೀರಿ ಅಂತ. ಕಮ್ಮಿ ಆದ್ರೆ ನನ್ನನ್ನ ವ್ಯಾನಿಗೆ ಹಾಕ್ತಾರೆ.”

ಫಿಂಟನ್ ಟೀವಿಯ ಕಡೆ ತಿರುಗಿದ.

“ಹಾಗಾದ್ರೆ ಕೊಪ್ಪೆನ್‌ಬರ್ಗ್?”

“ಕೊನೇ ಅರವತ್ತು ಹೆಜ್ಜೆ ನಡೆದ್ರಿ.”

“ಅದು ನಂಗೂ ಗೊತ್ತು. ನಡೆದೋನು ನಾನೇ ಅಲ್ವಾ,” ಎಂದ ಫಿಂಟನ್. ಅವನ ದನಿ ಸಣ್ಣದಾಗಿತ್ತು. “ಆದ್ರೆ ನೀವು ಹಾಗಂದಾಗ, ಇಲ್ಲಿಯವರು ಅದನ್ನ ತಪ್ಪು ಅಂತ ಹಿಡಿಯಲ್ವೇನೋ ಅಂದ್ಕೊಂಡೆ. ಮಗಳಿಗೆ ಹೇಳ್ಬಿಟ್ಟೆ. ಅವಳು ಊರಿಗೆಲ್ಲಾ ಹೇಳಿದಾಳೆ.”

ಓಡೀಲ್‌ನ ಕಿವಿ ಕೆಂಪಾಯಿತು. ನನಗೆ ಹೊರಗೆ ಹೋಗಿ ನಿಲ್ಲಬೇಕೆನಿಸಿತು, ಆದರೆ ಬಾಗಿಲಿಗೆ ಹೋಗಲು ಟೀವಿಯ ಮುಂದೆ ಹಾಯಬೇಕಿತ್ತು, ನರ್ಸ್ ಬಿಡುವ ಹಾಗೆ ಕಾಣಲಿಲ್ಲ. ಓಡೀಲ್ ಜೇಬಿನಿಂದ ಕಾಗದ ತೆಗೆದು ಹಾಸಿಗೆಯ ಮೇಲಿಟ್ಟು, ಪಕ್ಕದಲ್ಲಿ ಪೆನ್ನಿಟ್ಟ. ಫಿಂಟನ್ ಒಂದೊಂದಾಗಿ ನಾಲ್ಕು ನಕ್ಷತ್ರ ಹೊಡೆದುಹಾಕಿದ. ಕೆಳಗಿನ ಸಾಲನ್ನೂ ಹೊಡೆಯಲು ಹೋದವನು ನಿಲ್ಲಿಸಿ, ಅದನ್ನು ಹಾಗೇ ಬಿಟ್ಟು, ಕಾಗದ ಹಿಂದಕ್ಕೆ ಕೊಟ್ಟ.

“ಈಗ ತೋರ್ಸಿ, ಹೇಗೆ ಹಿಡೀಬೇಕು,” ಎಂದ.

ಅವನ ಸೈಕಲ್ ಶುಕ್ರವಾರದಿಂದ ನನ್ನ ವ್ಯಾನಿನಲ್ಲೇ ಬಿದ್ದಿತ್ತು. ನಾನು ಕೆಳಗೆ ಹೋಗಿ ಹ್ಯಾಂಡಲ್ ಬಿಚ್ಚಿಕೊಂಡು ಬಂದೆ. ಓಡೀಲ್ ಅದನ್ನು ಮಂಚದ ಊಟದ ಹಲಗೆಯ ಮೇಲೆ ಆನಿಸಿ, ಫಿಂಟನ್‌ನ ಬಲಗೈಯನ್ನು ಅದರ ಮೇಲಿಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟ. “ಎರಡೇ ಬೆರಳು. ತಿರುವಿಗೆ ಮೊದ್ಲು. ಒತ್ತಿ, ಬಿಡಿ. ಒತ್ತಿ, ಬಿಡಿ. ಹಾಗಲ್ಲ, ಮತ್ತೆ ಹಿಂಡ್ತಿದೀರಿ.” ರೇಸ್ ಕೊನೆಯ ಮೈಲಿಗೆ ಬಂದಾಗ ನರ್ಸ್ ಇಬ್ಬರಿಗೂ ಸುಮ್ಮನಿರಲು ಹೇಳಿದಳು. ಅವರು ದನಿ ತಗ್ಗಿಸಿದರು, ನಿಲ್ಲಿಸಲಿಲ್ಲ.

ಕಾಗದವನ್ನು ಹರಿದುಹಾಕು, ಉಳಿದ ಹತ್ತು ಜನರ ಐದು ನಕ್ಷತ್ರ ಸಾಕು ಎಂದು ನಾನು ಹೇಳಿನೋಡಿದೆ. ಸೋಮವಾರ ಬೆಳಿಗ್ಗೆ ಓಡೀಲ್ ಅದನ್ನು ಅನ್ನೆಲೋರೆಯ ಮೇಜಿನ ಮೇಲಿಟ್ಟು, ಯಾಕೆಂದು ತಾನೇ ವಿವರಿಸಿ, ಗೆಂಟ್‌ನವನನ್ನು ಕರೆಸಿಕೊ ಎಂದ. ಬಾಗಿಲ ಹೊರಗೆ ನಿಂತಿದ್ದ ನನಗೆ ಎಲ್ಲ ಕೇಳಿಸಿತು. ನಾನು ವ್ಯಾನಿಗೆ ಹೋಗಿ, ಪಕ್ಕದ ಸೀಟಿನ ಮೇಲಿದ್ದ ಹಗ್ಗ, ಪಂಪು, ಹಳೇ ಪೇಪರು ಎಲ್ಲ ತೆಗೆದು ಹಿಂದಕ್ಕೆ ಹಾಕಿ, ಬಟ್ಟೆಯಿಂದ ಒರೆಸಿದೆ. ಅವನು ಬಂದು ಕೂತ. ಹದಿನೈದು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತವನಲ್ಲ. ಸೀಟಿನ ಪಟ್ಟಿ ಎಲ್ಲಿದೆಯೆಂದು ತಿಳಿಯದೆ ತಡಕಾಡಿದ. ನಾನು ಅವನ ಮೇಲಿಂದ ಕೈ ಚಾಚಿ ಅದನ್ನು ಎಳೆದು ಹಾಕಿದೆ.