ಉಪ್ಪುನೀರಿನ ದಂಡೆಯಲ್ಲಿ ಕರೆದವರು ಯಾರು?

ಸತ್ತವರ ದನಿ ಕೇಳಿದೆ, ಅದು ಕಂಡೆ, ಇದು ಕಂಡೆ ಎನ್ನುವವರನ್ನು ನೋಡಿದರೆ ನನಗೆ ಮೊದಲಿನಿಂದಲೂ ಸಿಟ್ಟು. ಹೊಟ್ಟೆ ಕೆಟ್ಟರೆ ಏನೇನೋ ಕಾಣುತ್ತದೆ, ಲಂಘನ ಮಾಡು ಎಂದು ಮುಖಕ್ಕೇ ಹೇಳುತ್ತಿದ್ದೆ. ಈಗ ನನಗೇ ಆದದ್ದನ್ನು ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಂಬಿ ಎಂದು ಕೇಳುವುದಿಲ್ಲ.

ನಾವು ಬಾಗಲಕೋಟೆ ಕಡೆಯವರು. ಮನೆಯವರಿಗೆ ಎಣ್ಣೆ ಬಾವಿ ಕೊರೆಯುವ ಕೆಲಸ. ವರ್ಗವಾಗಿ ಅಹಮದಾಬಾದಿಗೆ ಬಂದವರು ಅಲ್ಲಿನ ಚಾಂದ್‌ಖೇಡಾದಲ್ಲೇ ಉಳಿದುಬಿಟ್ಟೆವು. ಮಕ್ಕಳಾಗಲಿಲ್ಲ. ಮನೆಯಲ್ಲಿ ಕನ್ನಡ ಆಡುವ ಬಾಯಿ ಎರಡೇ. ರಿಟೈರಾದ ಮೇಲೆ ಅವರಿಗೆ ಮರೆವು ಹತ್ತಿತು. ಬರಬರುತ್ತಾ ಮನೆಯ ದಾರಿಯೂ ಮರೆಯಿತು. ಒಂದು ಬೆಳಿಗ್ಗೆ ಚಹಾ ಕೊಟ್ಟರೆ, "ನೀವು ಯಾರ ಪೈಕಿ, ಬಾಯಾರ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನನಗೆ ಅಳು ಬರಲಿಲ್ಲ. ಚಹಾ ಆರತೈತಿ, ಕುಡೀರಿ ಎಂದೆ. ಅಂದಿನಿಂದ ಮಾತಿಗೆ ಉಳಿದದ್ದು ನನ್ನ ಬಾಯಿ ಒಂದೇ. ಅದಕ್ಕೂ ಕೇಳುವವರಿಲ್ಲ.

ಆ ಚಳಿಗಾಲದಲ್ಲಿ ಪಕ್ಕದ ಮನೆಯ ಜಶುಬೇನ್ ವ್ಯಾನು ಮಾಡಿಸಿಕೊಂಡು ರಣ ಎನ್ನುವ ಉಪ್ಪು ಮರುಭೂಮಿಯ ಅಂಚಿನ ಕೆರೆಗೆ ಹಕ್ಕಿ ನೋಡಲು ಹೊರಟಿದ್ದಳು. ಮನೆಯವರು ಪ್ರಾಯದಲ್ಲಿ ಅದೇ ಕಡೆ ಕ್ಯಾಂಪು ಹಾಕಿಕೊಂಡು ಇದ್ದವರು. ಹಳೆಯ ಜಾಗ ನೋಡಿದರೆ ಏನಾದರೂ ನೆನಪಾದೀತು, ಕರೆತನ್ನಿ ಎಂದಳು. ಹೋದೆವು.

ಕೆರೆ ಎಂದರೆ ನಮ್ಮೂರ ಕೆರೆಯಂತಲ್ಲ. ಏರಿ ಇಲ್ಲ, ತೂಬು ಇಲ್ಲ. ಮಳೆಗಾಲದ ನೀರು ಮರುಭೂಮಿಯ ತಗ್ಗಿನಲ್ಲಿ ನಿಂತು ಉಪ್ಪಾಗಿರುತ್ತದೆ. ಸುತ್ತ ಮರಳಿನ ದಂಡೆ. ಒಂದು ಕಡೆ ಇಳಿದು ನೋಡುವುದು, ವ್ಯಾನು ಹತ್ತಿ ಮುಂದೆ ಇನ್ನೊಂದು ಕಡೆ ಇಳಿಯುವುದು, ಹೀಗೆ ದಿನ ಕಳೆಯಿತು. ಎಲ್ಲೂ ಜನ ಇಲ್ಲ, ನೀರಿನ ಸಪ್ಪಳ ಕೂಡ ಇಲ್ಲ. ಮನೆಯವರಿಗೆ ಏನೂ ನೆನಪಾಗಲಿಲ್ಲ. ಆದರೆ ಆ ದಿನ ನಾನು ಹಿಡಿದ ಕೈಯನ್ನು ಅವರು ಕೊಸರಿಕೊಳ್ಳಲಿಲ್ಲ.

ಡ್ರೈವರ್ ಮೊದಲೇ ಹೇಳಿದ್ದ. ನೀರಿನ ಎದುರು ಬದಿಗೆ, ಮರಳು ದಾಟಿ ಬೆಳ್ಳಗೆ ಕಾಣುವುದು ನೆಲವಲ್ಲ, ಹೆಪ್ಪುಗಟ್ಟಿದ ಉಪ್ಪು. ಕೆಳಗೆ ಕೆಸರು. ಕಾಲಿಟ್ಟ ದನ ಮೇಲೆ ಬರುವುದಿಲ್ಲ.

ಕಡೆಯ ದಂಡೆಯಲ್ಲಿ ಅವರನ್ನು ಕೂರಿಸಿ, ನೀರಿನ ಬಾಟಲಿ ತರಲು ವ್ಯಾನಿಗೆ ಹೋದೆ. ತಿರುಗಿ ಬಂದರೆ ಅವರಿಲ್ಲ. ಹೊತ್ತು ಮುಳುಗುತ್ತಿತ್ತು. ಕತ್ತಲಾದರೆ ಹುಡುಕುವುದು ಎಲ್ಲಿ? ಬಿಳಿಯ ಕಡೆಗೆ ಹೋಗಿದ್ದರೆ ಗತಿ ಏನು? ಡ್ರೈವರ್ "ಕಾಕಾ, ಓ ಕಾಕಾ" ಎಂದು ಒಂದು ಕಡೆ ಓಡಿದ. ಜಶುಬೇನ್ ಅವರ ಹೆಸರು ಹಿಡಿದು ಕೂಗಿದಳು. ನಾನು ಬದುಕಿನುದ್ದಕ್ಕೂ ಕರೆದಂತೆ "ಏನ್ರೀ, ಇಲ್ಲಿ ಕೇಳ್ರೀ" ಎಂದು ಕರೆದೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಆದರೆ "ಏನ್ರೀ" ಎಂದರೆ ಓಗೊಡಲು ತನಗೊಬ್ಬ ಹೆಂಡತಿ ಇದ್ದಾಳೆ ಎಂಬ ನೆನಪಿರಬೇಕಲ್ಲ. ಆ ದಂಡೆಯ ಮೇಲೆ ನನಗೆ ಅದು ಹೊಳೆಯಿತು. ಕರೆಯುವುದನ್ನು ಬಿಟ್ಟು ನೀರಿಗೆ ಮುಖ ಮಾಡಿ ನಿಂತೆ.

ಆಗ ಕೂಗು ಕೇಳಿತು. ಹೆಂಗಸಿನ ದನಿ, ನೀರಿನ ಕಡೆಯಿಂದ. ಚಿಕ್ಕಂದಿನಲ್ಲಿ ಅವರ ತಾಯಿ ಕರೆಯುತ್ತಿದ್ದ ಮುದ್ದಿನ ಹೆಸರು. ಅದನ್ನು ಇಲ್ಲಿಯೂ ಬರೆಯಲಾರೆ. ಹೆಸರು ಕರೆದು, ಆಮೇಲೆ ನಮ್ಮೂರ ಮಾತಿನಲ್ಲಿ:

"ಹೊತ್ತು ಮುಳುಗೇತಿ. ಉಣ್ಣಾಕ ಬಾರೋ."

ನನ್ನ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆ ಹೆಸರು ಗೊತ್ತಿದ್ದವರಲ್ಲಿ ಬದುಕಿದ್ದವಳು ನಾನೊಬ್ಬಳೇ.

"ಬಂದೆ ಯವ್ವಾ" ಎಂಬ ಉತ್ತರ ನನ್ನ ಬೆನ್ನ ಹಿಂದಿನಿಂದ, ಬಿಳಿಯ ಕಡೆಯಿಂದ ಬಂತು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಡೆದು ಬಂದರು. ನನ್ನನ್ನು ದಾಟಿ ನೇರ ನೀರಿನ ಕಡೆ ಹೊರಟರು. ರಟ್ಟೆ ಹಿಡಿದೆ. ನೀರನ್ನೇ ನೋಡುತ್ತಾ, "ಅವ್ವ ಒಳಗ ಹೋದ್ಲೇನು?" ಎಂದು ಕೇಳಿದರು.

"ಹೂಂ, ರೊಟ್ಟಿ ಬಡಿಯಾಕ ಹೋಗ್ಯಾಳ. ನಡೀರಿ" ಎಂದೆ. ಬೇರೆ ಏನು ಹೇಳಲಿ?

ವ್ಯಾನಿನಲ್ಲಿ ಜಶುಬೇನ್ ನನ್ನ ಬೆನ್ನು ಸವರಿ, ಎಂಥಾ ಗಂಟಲು ನಿಮ್ಮದು, ಕಡೆಗೂ ಕಾಕಾಗೆ ಕೇಳಿಸಿತು ನೋಡಿ ಎಂದಳು. ನಾನು ಕರೆದಿಲ್ಲ ಎಂದೆ. ಹಾಗೆಂದರೆ ಏನು, ನಿಮ್ಮ ಬಾಯಿ ಆಡುವುದನ್ನು ನನ್ನ ಕಣ್ಣಿಂದಲೇ ನೋಡಿದೆ ಎಂದು ವಾದಕ್ಕೆ ನಿಂತಳು. ಇವತ್ತಿಗೂ ಹಾಗೇ ಹೇಳುತ್ತಾಳೆ. ಡ್ರೈವರನನ್ನು ಕೇಳಿದೆ. ದನಿ ನೀರಿನ ಮೇಲಿಂದ ಬಂತು, ಇಲ್ಲಿ ಆ ಮಾತು ಬೇಡ ಅಮ್ಮಾ ಎಂದವನು ಹೈವೇ ಸಿಗುವವರೆಗೆ ಹಿಂದೆ ತಿರುಗಲಿಲ್ಲ.

ಮನೆಯವರು ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ತಾಯಿಯ ಸುದ್ದಿ ಮತ್ತೆ ತೆಗೆಯಲಿಲ್ಲ, ನನ್ನ ಗುರುತೂ ಹತ್ತಲಿಲ್ಲ.

ಮೊನ್ನೆ ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಆ ಹೆಸರನ್ನು ದೊಡ್ಡದಾಗಿ ಕೂಗಿ ನೋಡಿದೆ. ನನ್ನದು ಒಡಕು ದನಿ. ಅಂದು ಕೇಳಿದ್ದು ಅದಲ್ಲ. ಅಷ್ಟಕ್ಕೇ ಸಾಕು ಮಾಡಬಹುದಿತ್ತು. ಆದರೆ ಜೀವಮಾನದಲ್ಲಿ ಆಡದ ಹೆಸರು ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬಂತು? ಕೂಗಿದ ಮೇಲೆ ಬಾಗಿಲ ಕಡೆ ಕಿವಿಗೊಟ್ಟೆ. ಯಾರೂ ಓ ಎನ್ನಲಿಲ್ಲ.